ಮೊದಲ ಕೊಂಬೆ

ಫೆಬ್ರವರಿ 9

ಮೊಂಡೀ,

ಮನೆ ಸಿಕ್ಕಿತು. ಐದನೇ ಮಹಡಿ, ಎರಡು ಕೋಣೆ. ಅಡುಗೆಮನೆಯ ಕಿಟಕಿ ತೆಗೆದರೆ ಎದುರು ಕಟ್ಟಡದ ಗೋಡೆ, ಕೈ ಚಾಚಿದರೆ ಅವರ ನೀರಿನ ಪೈಪು ಸಿಗುತ್ತದೆ. ನಿನ್ನ ಭಾವನಿಗೆ ಹೊಸ ಪ್ರೆಸ್ಸಿನ ಕೆಲಸ ಹಿಡಿಸಿದೆ. ನನಗೂ ಕೆಳಗಿನ ಬೀದಿಯ ಹೊಲಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಹೊಸ ಬಟ್ಟೆ ಹೊಲಿಯುವುದಿಲ್ಲ, ಬರೀ ಆಲ್ಟರೇಷನ್. ಈ ಊರಿನಲ್ಲಿ ಯಾರು ದಪ್ಪಗಾದರು, ಯಾರು ಇಳಿದರು ಅನ್ನುವುದು ಅವರ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ.

ಪತ್ರ ಯಾಕೆ, ಫೋನಿಲ್ಲವೇ ಅಂತ ಕೇಳಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ, ಅಮ್ಮ ನಡುವೆ ಬಂದು ಫೋನು ಕಿತ್ತುಕೊಂಡು ಅಳುತ್ತಾಳೆ. ಬರೆಯುವಾಗ ಅಷ್ಟು ಬೇಗ ಸಿಟ್ಟು ಬರುವುದಿಲ್ಲ.

ಒಂದು ಕೆಲಸವಿದೆ. ತಾರಸಿಯ ಮೇಲೆ ಟ್ಯಾಂಕಿನ ಪಕ್ಕ ನೀಲಿ ಟಬ್ಬಿನಲ್ಲಿ ಎಲ್ಮ್ ಮರದ ಮೋಟು ಇದೆ. ರಸ್ತೆ ಅಗಲ ಮಾಡಲು ಬೇಲಿಸಾಲಿನ ಮರಗಳನ್ನು ಕಿತ್ತು ಹಾಕಿದಾಗ ನಾನು ಗೋಣಿಚೀಲದಲ್ಲಿ ಎಳೆದು ತಂದದ್ದು. ನನ್ನ ಬೋನ್ಸಾಯ್ ಕುಂಡಗಳೆಲ್ಲ ಲಾರಿ ಹತ್ತಿದವು, ಇದೊಂದನ್ನು ಮಾತ್ರ ಡ್ರೈವರ್ ಹತ್ತಿಸಿಕೊಳ್ಳಲಿಲ್ಲ. "ಸೌದೆಗೆಲ್ಲ ಜಾಗ ಇಲ್ಲ ಮೇಡಂ" ಅಂದ. ನೀರು ಹಾಕುತ್ತಿರು. ಬೇರೇನೂ ಮಾಡಲು ಹೋಗಬೇಡ. ಸಾಯದಿದ್ದರೆ ಸಾಕು.

ನಿನ್ನ ಅಕ್ಕ

ಫೆಬ್ರವರಿ 24

ಅಕ್ಕಾ,

ನಿನ್ನ ಸೌದೆ ಬದುಕಿದೆ. ಉಗುರಿನಿಂದ ತೊಗಟೆ ಕೆರೆದು ನೋಡಿದೆ, ಒಳಗೆ ಹಸಿರು. ಬೇರೇನೂ ಮಾಡಬೇಡ ಅಂತ ನೀನು ಬರೆದದ್ದನ್ನು ಓದಿದ ಕೂಡಲೇ ಏನಾದರೂ ಮಾಡಬೇಕು ಅನ್ನಿಸಿತು. ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ನನಗೆ ಕಲಿಸುತ್ತೀಯಾ? ಇಷ್ಟು ವರ್ಷ ನೀನು ಮರಗಳ ಮುಂದೆ ಕೂತಿರುವಾಗ ನಾನು ಹತ್ತಿರ ಬಂದರೆ ಸಾಕು, "ನೆರಳು ಬೀಳ್ತಿದೆ, ಆಚೆ ಹೋಗು" ಅಂತಿದ್ದೆ. ಈಗ ನನ್ನ ನೆರಳು ನಿನ್ನವರೆಗೆ ಬೀಳುವುದಿಲ್ಲ. ಲ್ಯಾಬಿನಲ್ಲಿ ದಿನವಿಡೀ ಊರವರ ಹಲ್ಲಿನ ಸೆಟ್ಟಿಗೆ ತಂತಿ ಬಗ್ಗಿಸಿ ಬಗ್ಗಿಸಿ ಸಾಕಾಗಿದೆ. ಮನೆಗೆ ಬಂದ ಮೇಲೆ ಹಲ್ಲಿಲ್ಲದ ಏನಾದರೊಂದು ಕೆಲಸ ಬೇಕು.

ಅಮ್ಮ ಚೆನ್ನಾಗಿದ್ದಾಳೆ. ನೀನು ಹೋದ ಮೇಲೆ ತಾರಸಿ ಬೋಳು ಬೋಳಾಗಿದೆ ಅಂತಾಳೆ. ನೀನಿದ್ದಾಗ ಕಸ ತಂದು ಗುಡ್ಡೆ ಹಾಕಿದ್ದಾಳೆ ಅಂತ ಬೈಯುತ್ತಿದ್ದವಳೂ ಅವಳೇ.

ಮೊಂಡಿ

ಮಾರ್ಚ್ 5

ಮೊಂಡೀ,

ಕಲಿಸುತ್ತೇನೆ. ಆದರೆ ಹೇಳಿದಷ್ಟೇ ಮಾಡಬೇಕು, ನಿನ್ನ ತಲೆ ಸೇರಿಸಬಾರದು.

ಚಿಗುರು ಒಡೆಯುವ ಮೊದಲು, ಈ ವಾರವೇ ಮುಗಿಸು. ಬುಡದಿಂದ ಒಂದು ಗೇಣು ಬಿಟ್ಟು ಮೇಲಿನದನ್ನೆಲ್ಲ ಗರಗಸದಿಂದ ತೆಗೆ. ಓರೆಯಾಗಿ ಕೊಯ್ಯಬೇಕು, ನೀರು ನಿಲ್ಲಬಾರದು. ಹೆದರಬೇಡ, ಎಲ್ಮ್ ಕೊಯ್ದಷ್ಟೂ ಚಿಗುರುವ ಜಾತಿ. ಗಾಯಕ್ಕೆ ನನ್ನ ಹಳೆಯ ಡ್ರಾಯರಿನಲ್ಲಿರುವ ಮುಲಾಮು ಹಚ್ಚು. ಆಮೇಲೆ ಟಬ್ಬಿನಿಂದ ಎತ್ತಿ ಬೇರಿನ ಮಣ್ಣನ್ನು ಪೂರ್ತಿ ತೊಳೆ. ನೇರ ಕೆಳಗಿಳಿದ ದಪ್ಪ ಬೇರುಗಳನ್ನು ಕತ್ತರಿಸು, ಸುತ್ತ ಹರಡಿದ್ದನ್ನು ಉಳಿಸು. ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಗೊಬ್ಬರ ಬೆರೆಸಿ ಅಗಲವಾದ, ಆಳವಿಲ್ಲದ ಪೆಟ್ಟಿಗೆಯಲ್ಲಿ ನೆಡು. ಅಲುಗಾಡದ ಹಾಗೆ ತಂತಿಯಿಂದ ಬಿಗಿ.

ಹಾಳಾದರೂ ನನಗೆ ಬೇಸರವಿಲ್ಲ. ಹೇಗೂ ಲಾರಿಯವನು ಬೇಡ ಅಂದದ್ದು.

ಅಕ್ಕ

ಮೇ 18

ಅಕ್ಕಾ,

ಮೋಟು ಚಿಗುರಿದೆ. ಒಂದೆರಡು ಕಡೆಯಲ್ಲ, ಕೊಯ್ದ ಅಂಚಿನ ಸುತ್ತ, ತೊಗಟೆಯ ಸಂದಿಯಲ್ಲಿ, ಎಲ್ಲೆಂದರಲ್ಲಿ ಕೆಂಪು ಮೂತಿ ಹೊರಗೆ ಹಾಕಿದೆ. ಬೆಳಗ್ಗೆ ಹಲ್ಲುಜ್ಜುತ್ತಾ ಅದರ ಮುಂದೆ ನಿಂತರೆ ಲ್ಯಾಬಿಗೆ ತಡವಾಗುತ್ತಿದೆ.

ಬೇರು ತೊಳೆದ ದಿನದ ಸಂಗತಿ ಬರೆಯಲೇ ಇಲ್ಲ. ಮಣ್ಣೆಲ್ಲ ಇಳಿದ ಮೇಲೆ ನೋಡಿದರೆ ಬುಡದ ಸುತ್ತಲೂ ಬೇರುಗಳು ಒಂದೇ ಸಮನೆ ಹರಡಿವೆ. ಒಂದು ಕಡೆ ದಪ್ಪ, ಒಂದು ಕಡೆ ಬೋಳು ಅಂತಿಲ್ಲ. ಅಮ್ಮ ಬಕೆಟ್ಟು ಹಿಡಿದು ನಿಂತಿದ್ದಳು. "ಇದು ನಿಂತಿಲ್ಲ ಕಣೇ, ಚಕ್ಕಳಮಕ್ಕಳ ಹಾಕಿಕೊಂಡು ಕೂತಿದೆ" ಅಂದಳು. ಆಮೇಲೆ ಅವಳೇ ಒಳಗಿಂದ ಹಳೆ ಹಲ್ಲುಜ್ಜುವ ಬ್ರಷ್ಷು ತಂದು ಸಂದಿಯ ಮಣ್ಣು ತೆಗೆದಳು. ನಂಬುತ್ತೀಯಾ?

ಫೋಟೋ ಇಟ್ಟಿದ್ದೇನೆ. ಚೆನ್ನಾಗಿದೆಯಾ ಹೇಳು.

ಮೊಂಡಿ

ಜೂನ್ 2

ಮೊಂಡೀ,

ಫೋಟೋ ಬಂತು. ಕೊಯ್ತ ಇನ್ನೂ ಸ್ವಲ್ಪ ಓರೆಯಾಗಬೇಕಿತ್ತು. ಇಷ್ಟೊಂದು ಚಿಗುರು ಬಿಡಬಾರದು. ತುದಿಗೊಂದು, ಕೊಂಬೆಗೆ ಎಡಬಲ ಹಿಂದೆ ನೋಡಿ ನಾಲ್ಕು, ಅಷ್ಟು ಸಾಕು. ಉಳಿದದ್ದನ್ನು ಉಗುರಿನಲ್ಲಿ ಚಿವುಟು. ಎಲ್ಲಕ್ಕಿಂತ ಕೆಳಗಿನ ಕೊಂಬೆಯನ್ನು ಮಾತ್ರ ಎಲೆ ಉದುರುವವರೆಗೂ ಮುಟ್ಟಬೇಡ, ಹುಚ್ಚಾಪಟ್ಟೆ ಬೆಳೆಯಲಿ. ಮೊದಲ ಕೊಂಬೆ ಅನ್ನುತ್ತಾರೆ ಅದಕ್ಕೆ. ಅದು ದಪ್ಪವಾಗದಿದ್ದರೆ ಮರ ಮರದ ಹಾಗೆ ಕಾಣುವುದಿಲ್ಲ, ಗಿಡವಾಗಿಯೇ ಉಳಿಯುತ್ತದೆ.

ಬೇರಿನ ವಿಷಯ. ಅಂಥ ಬೇರು ನನ್ನ ಇಷ್ಟು ಮರಗಳಲ್ಲಿ ಒಂದಕ್ಕೂ ಇಲ್ಲ. ಅದು ಮಣ್ಣಿನೊಳಗೆ ಇದ್ದೇ ಇತ್ತು, ನಾನು ತೊಳೆದು ನೋಡಿರಲಿಲ್ಲ ಅಷ್ಟೇ. ಆ ಬೇಲಿಯಲ್ಲಿ ಕಿತ್ತು ಹಾಕಿದ ಮೋಟುಗಳು ರಾಶಿ ಬಿದ್ದಿದ್ದವು. ಅದರಲ್ಲಿ ಇದೇ ಬೇಕು ಅಂತ ಆರಿಸಿದವಳು ನಾನು. ಅಮ್ಮನಿಗೆ ಗೊತ್ತಿರಲಿ.

ಹದಿನೈದು ವರ್ಷ ಅದೇ ತಾರಸಿಯಲ್ಲಿ ಮರ ಬೆಳೆಸಿದೆ. ಅಮ್ಮ ಒಂದು ದಿನವೂ ಬಕೆಟ್ಟು ಹಿಡಿಯಲಿಲ್ಲ.

ಇಲ್ಲಿ ನನ್ನ ಮರಗಳ ಎಲೆ ಹಳದಿಯಾಗುತ್ತಿದೆ. ಬಿಸಿಲಿಲ್ಲ.

ಅಕ್ಕ

ನವೆಂಬರ್ 21

ಅಕ್ಕಾ,

ಎಲೆ ಉದುರಿತು. ಮರದ ಮೈಯೆಲ್ಲ ಕಾಣುತ್ತಿದೆ, ಈಗಲೇ ತಂತಿ ಸುತ್ತುವ ಸಮಯ ಅಂತ ನೀನು ಬರೆದ ಹಾಗೆ ರಜೆ ಹಾಕಿ ಕೂತೆ. ಎಡಗಡೆಯ ಮೊದಲ ಕೊಂಬೆ ಐದಾರು ತಿಂಗಳಲ್ಲಿ ನನ್ನ ಕಿರುಬೆರಳಿನಷ್ಟು ದಪ್ಪವಾಗಿದೆ. ಲ್ಯಾಬಿನ ಇಕ್ಕಳ ತಂದಿದ್ದೆ. ತಂತಿ ಸುತ್ತಿ, ಎರಡೂ ಹೆಬ್ಬೆರಳಿಟ್ಟು ಮೆಲ್ಲಗೆ ಕೆಳಗೆ ಒತ್ತಿದೆ. ಒಂದು ಕಡೆ ಚಿಟ್ ಅಂದಿತು, ಕೈ ತೆಗೆದು ಬಗ್ಗಿ ನೋಡಿದೆ. ಏನೂ ಆಗಿರಲಿಲ್ಲ. ಈಗ ಆ ಕೊಂಬೆ ಇಳಿದು, ಮುಂದೆ ಬಂದು, ತುದಿಯಲ್ಲಿ ಸ್ವಲ್ಪ ತಲೆ ಎತ್ತಿದೆ. ನಾನು ಮಾಡಿದ್ದು ಅಂತ ನನಗೇ ಅನ್ನಿಸುವುದಿಲ್ಲ.

ಅಮ್ಮ ಮನೆಗೆ ಬಂದವರನ್ನೆಲ್ಲ ತಾರಸಿಗೆ ಹತ್ತಿಸುತ್ತಾಳೆ. ನಿನ್ನೆ ಕೆಳಗಿನ ಮನೆಯ ಟೀಚರು ಸಿಕ್ಕಿಬಿದ್ದರು. "ನೋಡಿ, ನಮ್ಮ ಚಿಕ್ಕವಳ ಕೈಯಲ್ಲಿ ಹೇಗೆ ಬೆಳೀತಿದೆ" ಅಂತ ಅಮ್ಮ ಹೇಳುವುದು ಮೆಟ್ಟಿಲವರೆಗೂ ಕೇಳಿಸಿತು. ಟೀಚರಿಗೆ ಮಂಡಿನೋವು, ಪಾಪ.

ಫೋಟೋ ಎಡಗಡೆಯಿಂದ ತೆಗೆದಿದ್ದೇನೆ. ಹೇಗಿದೆ?

ಮೊಂಡಿ

ಡಿಸೆಂಬರ್ 30

ಮೊಂಡೀ,

ತಂತಿಯ ಸುತ್ತು ಒಂದೇ ಅಂತರದಲ್ಲಿದೆ. ಹಲ್ಲಿನ ಕೆಲಸದವರಿಗೆ ಅದು ಬರಲೇಬೇಕು, ಅದರಲ್ಲಿ ಹೆಚ್ಚಿನದೇನಿಲ್ಲ. ಚಿಗುರುವ ಹೊತ್ತಿಗೆ ಬಿಚ್ಚದಿದ್ದರೆ ತೊಗಟೆಯನ್ನು ಕಚ್ಚುತ್ತದೆ.

ಅಮ್ಮ ನಿಜವಾಗಿ ಹಾಗೆ ಅಂದಳೇ, ನೀನೇ ಸೇರಿಸಿ ಬರೆದೆಯಾ? ನನ್ನ ಬಗ್ಗೆ ಏನಾದರೂ ಹೇಳಿದಳೇ?

ಅಂಗಡಿಗೆ ಹೋಗುವ ದಾರಿಯಲ್ಲಿ ಒಂದು ಮನೆಯ ಬಾಲ್ಕನಿಗೆ ದಿನವಿಡೀ ಬಿಸಿಲು ಬೀಳುತ್ತದೆ. ಅಲ್ಲಿ ಅವರು ಹಳೇ ಟೈರು ಇಟ್ಟಿದ್ದಾರೆ. ದಿನಾ ನೋಡಿಕೊಂಡು ಹೋಗುತ್ತೇನೆ. ಮನುಷ್ಯರಿಗೆ ಟೈರು ಒಣಗಿಸುವುದಕ್ಕೆ ಅಷ್ಟು ಬಿಸಿಲು ಯಾಕೆ ಬೇಕು?

ಅಕ್ಕ

ಜೂನ್ 14

ಮೊಂಡೀ,

ತುಂಬಾ ದಿನವಾಯಿತು, ಬರೆಯುವಂಥದ್ದೇನೂ ಇರಲಿಲ್ಲ. ನನ್ನ ಕೊನೆಯ ಮರವೂ ಹೋಯಿತು. ಟ್ಯೂಬ್‌ಲೈಟ್ ಕೆಳಗೆ ಇಟ್ಟೆ, ಮೆಟ್ಟಿಲ ಕಿಟಕಿಯಲ್ಲಿ ಇಟ್ಟೆ, ಅಂಗಡಿಗೂ ಹೊತ್ತೊಯ್ದೆ. ಅಲ್ಲಿ ಇಸ್ತ್ರಿಯ ಹಬೆಗೆ ಉಳಿದದ್ದೂ ಬಾಡಿತು. ನಿನ್ನ ಭಾವ ಖಾಲಿ ಕುಂಡಗಳನ್ನು ಒಂದರೊಳಗೊಂದು ಪೇರಿಸಿ ಮಂಚದ ಕೆಳಗೆ ತಳ್ಳಿದರು. "ಕಣ್ಣಿಗೆ ಬೀಳದಿದ್ರೆ ನೋವಾಗಲ್ಲ" ಅಂದರು. ಒಳ್ಳೆಯದಕ್ಕೇ ಹೇಳಿದ್ದು. ಎರಡು ದಿನ ಮಾತಾಡಿಸಲಿಲ್ಲ ನಾನು.

ನಿನ್ನ ಪತ್ರಗಳಲ್ಲಿ ಬಂದ ಫೋಟೋಗಳೆಲ್ಲ ಹೊಲಿಗೆ ಯಂತ್ರದ ಡ್ರಾಯರಿನಲ್ಲಿವೆ. ದಾರ ತೆಗೆಯಲು ಎಳೆದಾಗೆಲ್ಲ ಕಾಣುತ್ತವೆ.

ಅಕ್ಕ

ಜುಲೈ 3

ಅಕ್ಕಾ,

ನಿನ್ನ ಪತ್ರ ಅಮ್ಮನೂ ಓದಿದಳು.

ಮೋಟನ್ನು ನಿನಗೆ ಕಳಿಸಿಬಿಡಲೇ? ನಿನ್ನದೇ ತಾನೇ. ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ನಾನೇ ತರುತ್ತೇನೆ. ಆ ಟೈರಿನ ಮನೆಯವರನ್ನು ಕೇಳಿ ನೋಡೋಣ, ಬಾಲ್ಕನಿಯಲ್ಲಿ ಒಂದು ಮೂಲೆ ಕೊಟ್ಟಾರು.

ಹೇಳು, ತರುತ್ತೇನೆ.

ಮೊಂಡಿ

ಜುಲೈ 12

ಬೇಡ. ಇಲ್ಲಿ ತಂದು ಅದನ್ನೂ ಸಾಯಿಸುವುದೇ? ಆಮೇಲೆ ಅಕ್ಕನ ಕೈಗೆ ಕೊಟ್ಟೆವು, ಹೋಯಿತು ಅನ್ನುವುದಕ್ಕೇ?

ನೀನೇ ಇಟ್ಟುಕೋ. ಕೊಡುತ್ತೇನೆ ಅನ್ನುವುದು ಈಗ ನಿನಗೆ ಸುಲಭ.

ಅಕ್ಕ

ಸೆಪ್ಟೆಂಬರ್ 2

ಅಕ್ಕಾ,

ಹೋದ ಪತ್ರಕ್ಕೆ ಸಿಟ್ಟು ಬಂದಿತ್ತು, ಅದಕ್ಕೇ ಬರೆಯಲಿಲ್ಲ. ಈಗ ಇಳಿದಿದೆ.

ಒಂದು ಸುದ್ದಿ. ಇಲ್ಲಿನ ತೋಟಗಾರಿಕೆ ಕ್ಲಬ್ಬಿನವರು ಅಕ್ಟೋಬರಿನಲ್ಲಿ ಪ್ರದರ್ಶನ ಇಡುತ್ತಾರೆ. ಇನ್ನೂ ತಯಾರಾಗುತ್ತಿರುವ ಮರಗಳಿಗೇ ಒಂದು ಮೇಜು ಇದೆಯಂತೆ. ಟೀಚರು ಯಾರಿಗೋ ಹೇಳಿ, ಅವರು ಬಂದು ನೋಡಿ, ಮೋಟನ್ನು ಕರೆದಿದ್ದಾರೆ. ಬಂದವರು ಮೊದಲ ಕೊಂಬೆಯನ್ನು ಬಗ್ಗಿ ಬಗ್ಗಿ ನೋಡಿದರು. "ಎರಡು ವರ್ಷದಲ್ಲಿ ಇಂಥ ಕೊಂಬೆ ಬರೋದು ಕಷ್ಟ. ಇದರಿಂದಲೇ ಮರಕ್ಕೆ ವಯಸ್ಸು ಬಂದಿದೆ" ಅಂದರು. ಅಮ್ಮ ಅವರಿಗೆ ಎರಡು ಸಲ ಚಹಾ ಕೊಟ್ಟಳು.

ಕುಂಡದ ಮುಂದೆ ಚೀಟಿ ಇಡುತ್ತಾರಂತೆ. ಮರದ ಜಾತಿ, ಎಷ್ಟು ವರ್ಷ, ಬೆಳೆಸಿದವರು ಯಾರು ಅಂತ. ಬೆಳೆಸಿದವರು ಅನ್ನುವ ಕಡೆ ನನ್ನ ಹೆಸರು ಬರೆದುಕೊಂಡು ಹೋದರು.

ಪ್ರದರ್ಶನಕ್ಕೆ ಮೊದಲು ಏನಾದರೂ ತಿದ್ದಬೇಕಾ? ಮುಂದಿನಿಂದ, ಎಡದಿಂದ, ಬಲದಿಂದ ಮೂರು ಫೋಟೋ ಇಟ್ಟಿದ್ದೇನೆ.

ಮೊಂಡಿ

ಸೆಪ್ಟೆಂಬರ್ 9

ಮೊಂಡೀ,

ಮೂರೂ ಫೋಟೋ ನೋಡಿದೆ. ಮರ ಚೆನ್ನಾಗಿ ಬಂದಿದೆ. ನಿಜವಾಗಿ ಚೆನ್ನಾಗಿದೆ. ಅಷ್ಟು ಅಂದುಕೊಂಡಿರಲಿಲ್ಲ.

ಒಂದೇ ಒಂದು ತೊಂದರೆ. ಎಡಗಡೆಯ ಮೊದಲ ಕೊಂಬೆ ಮಿತಿಮೀರಿ ದಪ್ಪವಾಗಿದೆ. ಮೇಲಿನ ಶಕ್ತಿಯನ್ನೆಲ್ಲ ಅದೇ ಎಳೆದುಕೊಳ್ಳುತ್ತಿದೆ, ಹೀಗೇ ಬಿಟ್ಟರೆ ತುದಿ ಒಣಗುತ್ತದೆ. ಕ್ಲಬ್ಬಿನವರು ನೋಡಿದ್ದನ್ನೆಲ್ಲ ಹೊಗಳುತ್ತಾರೆ, ಅವರಿಗೇನು. ಅದನ್ನು ಕಾಂಡಕ್ಕೆ ಸಮನಾಗಿ ತೆಗೆದುಬಿಡು. ಪ್ರದರ್ಶನಕ್ಕೆ ಮೊದಲೇ ಮಾಡಿದರೆ ಗಾಯ ಸ್ವಲ್ಪ ಆರಿರುತ್ತದೆ.

ಅಮ್ಮನಿಗೆ ನನ್ನ ನೆನಪು ಹೇಳು.

ನಿನ್ನ ಅಕ್ಕ

ಸೆಪ್ಟೆಂಬರ್ 10

ಮೊಂಡೀ,

ಕತ್ತರಿಸಬೇಡ. ಈ ಪತ್ರ ಮೊದಲು ಕೈಗೆ ಬಂದಿದ್ದರೆ ನಿನ್ನೆಯದನ್ನು ಬಿಚ್ಚದೆ ಹರಿದು ಹಾಕು. ಆ ಕೊಂಬೆಯಲ್ಲಿ ಯಾವ ತೊಂದರೆಯೂ ಇಲ್ಲ. ಅದಿದ್ದರೇ ಆ ಮರ.

ನಿನ್ನೆ ಅಂಗಡಿಗೆ ಹೋಗುವಾಗ ಪತ್ರವನ್ನು ಡಬ್ಬಿಗೆ ಹಾಕಿದೆ. ಮಧ್ಯಾಹ್ನದವರೆಗೂ ಚೆನ್ನಾಗಿಯೇ ಇದ್ದೆ, ಹಾಡು ಗುನುಗುತ್ತಿದ್ದೆನಂತೆ, ಯಜಮಾನತಿ ಹೇಳಿದಳು. ಆಮೇಲೆ ಯಾರದೋ ಕೋಟಿನ ತೋಳು ಬಿಚ್ಚಲು ಬ್ಲೇಡು ಹಿಡಿದೆ, ಕೈ ಆಡಲಿಲ್ಲ. ನೀನು ಕತ್ತರಿ ಹಿಡಿದು ಆ ಕೊಂಬೆಯ ಮುಂದೆ ಕೂತಿರುವುದು ಕಣ್ಣಿಗೆ ಕಟ್ಟಿತು. ನೀನು ಮಾಡಿಯೇ ಮಾಡುತ್ತೀಯ ಅಂತ ಆಗ ಗೊತ್ತಾಯಿತು. ಕೋಟು ಹಾಗೇ ಬಿಟ್ಟು ಅಂಚೆ ಕಚೇರಿಗೆ ಓಡಿದೆ.

"ಬೆಳಗ್ಗೆ ಹಾಕಿದ ಪತ್ರ ವಾಪಸ್ ಬೇಕು" ಅಂದೆ.

ಕಿಟಕಿಯವನು ತಲೆ ಎತ್ತಿ ನೋಡಿದ. "ಡಬ್ಬಿಗೆ ಬಿದ್ಮೇಲೆ ಅದು ನಿಮ್ದಲ್ಲಮ್ಮ, ವಿಳಾಸದವರದ್ದು. ಅಷ್ಟಕ್ಕೂ ಚೀಲ ಹನ್ನೊಂದು ಗಂಟೆಗೇ ಹೋಯ್ತು. ಏನಿತ್ತು ಅದ್ರಲ್ಲಿ, ದುಡ್ಡಾ?"

"ಅಲ್ಲ" ಅಂದೆ. ಏನಿತ್ತು ಅಂತ ಹೇಳಲಿ?

ಸಂಜೆ ಕೆಳಗಿನ ಅಂಗಡಿಯಿಂದ ಫೋನು ಮಾಡಿದೆ. ಅಮ್ಮ ಎತ್ತಿಕೊಂಡಳು. ಅವಳ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟೆ. ಅವಳಿಗೆ ನಾನು ಇದನ್ನು ಹೇಗೆ ಹೇಳಲಿ, ನೀನೇ ಯೋಚಿಸು. ಇದನ್ನು ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ಹೊಟ್ಟೆಕಿಚ್ಚು ಕಣೇ. ಬೇರೆ ಹೆಸರಿಲ್ಲ ಅದಕ್ಕೆ. ಚೀಟಿಯಲ್ಲಿ ನಿನ್ನ ಹೆಸರು, ತಾರಸಿಯಲ್ಲಿ ನಿನ್ನ ಬಿಸಿಲು, ಅಮ್ಮನ ಬಾಯಲ್ಲಿ ನೀನು. ನನ್ನದು ಅಂತ ಮಂಚದ ಕೆಳಗೆ ಖಾಲಿ ಕುಂಡ.

ಕತ್ತರಿಸಬೇಡ.

ಅಕ್ಕ

ಸೆಪ್ಟೆಂಬರ್ 16

ಅಕ್ಕಾ,

ನಿನ್ನ ಮೊದಲ ಪತ್ರ ಮಂಗಳವಾರ ಬಂತು. ಬುಧವಾರ ಲ್ಯಾಬಿಗೆ ಹೋಗುವ ಮೊದಲು ಕತ್ತರಿಸಿದೆ. ಎರಡನೆಯದು ಗುರುವಾರ ಬಂತು.

ಅಮ್ಮ ಬೇಡ ಅಂದಳು. "ಅಷ್ಟು ಚೆನ್ನಾಗಿರೋದನ್ನ ಯಾಕೆ ತೆಗೀತೀಯ?" ಅಂದಳು. "ಅಕ್ಕ ಹೇಳಿದ್ದಾಳೆ ಅಂದ್ರೆ ಏನೋ ಕಾರಣ ಇರುತ್ತಮ್ಮ" ಅಂದೆ. ಕತ್ತರಿ ಇಟ್ಟಾಗ ನನ್ನ ಕೈಯೂ ತಡೆಯಿತು. ನನ್ನ ಕಣ್ಣಿಗೂ ಆ ಕೊಂಬೆಯೇ ಮರ ಅನ್ನಿಸುತ್ತಿತ್ತು. ಆದರೆ ನೀನು ಚೆನ್ನಾಗಿದೆ ಅಂತ ಬರೆದಿದ್ದೆ. ಎರಡು ವರ್ಷದಲ್ಲಿ ಮೊದಲ ಸಲ. ಆ ಮಾತು ನಿಜವಾದರೆ ಮುಂದಿನ ಮಾತೂ ನಿಜವೇ ಇರಬೇಕು ಅಂದುಕೊಂಡೆ.

ಕೊಂಬೆ ಬಿದ್ದಾಗ ಸದ್ದೇನೂ ಆಗಲಿಲ್ಲ. ಎಲೆಗಳೆಲ್ಲ ಹಸಿರಾಗಿಯೇ ಇದ್ದವು. ಅಮ್ಮ ಅದನ್ನು ಲೋಟದ ನೀರಿನಲ್ಲಿ ಇಟ್ಟಿದ್ದಾಳೆ, ಬೇರು ಬಿಟ್ಟೀತು ಅಂತ. ಬಿಡುವುದಿಲ್ಲ. ನಾನು ಹೇಳಿಲ್ಲ.

ನಿನ್ನ ಎರಡನೇ ಪತ್ರವನ್ನು ಅವಳಿಗೆ ತೋರಿಸಿಲ್ಲ.

ಮೊಂಡಿ

ಅಕ್ಟೋಬರ್ 1

ಮೊಂಡೀ,

ಬೈದಾದರೂ ಬರೆ. ಅಂಚೆಯವನು ಬರುವ ಹೊತ್ತಿಗೆ ಐದು ಮಹಡಿ ಇಳಿದು ಬಾಗಿಲಲ್ಲಿ ನಿಲ್ಲುತ್ತೇನೆ. ಅವನಿಗೂ ಈಗ ನನ್ನನ್ನು ಕಂಡರೆ ಮುಜುಗರ.

ಅಮ್ಮನಿಗೆ ನಾನೇ ಬರೆದು ಹೇಳಬೇಕು ಅಂತ ಮೂರು ಸಲ ಕೂತೆ. ಆಗಲಿಲ್ಲ.

ಅಕ್ಕ

ನವೆಂಬರ್ 12

ಅಮ್ಮಾ,

ಆ ಕೊಂಬೆ ಕತ್ತರಿಸು ಅಂತ ನಾನು ಬೇಕೆಂದೇ ಬರೆದದ್ದು. ಮರಕ್ಕೆ ಏನೂ ಆಗಿರಲಿಲ್ಲ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಾಗಿತ್ತು. ಅವಳು ನಿನಗೆ ಹೇಳಿರುವುದಿಲ್ಲ ಅಂತ ಗೊತ್ತು, ಅದಕ್ಕೇ ನಾನು ಹೇಳುತ್ತಿದ್ದೇನೆ. ಇದನ್ನು ಅವಳ ಕೈಯಲ್ಲೇ ಓದಿಸಿಕೋ, ಕನ್ನಡಕ ಹುಡುಕಬೇಡ.

ದೊಡ್ಡವಳು

ಫೆಬ್ರವರಿ 20

ಅಕ್ಕಾ,

ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು. "ನಿಮ್ಮಿಬ್ಬರನ್ನೂ ಒಂದೇ ತೊಟ್ಟಿಲಲ್ಲಿ ತೂಗಿದೆ, ಎಲ್ಲಿ ತಪ್ಪಿದೆನೋ" ಅಂದಳು. ಆಮೇಲೆ ಎದ್ದು ಲೋಟದಲ್ಲಿ ಒಣಗಿದ್ದ ಕೊಂಬೆಯನ್ನು ತೆಗೆದು ಆಚೆ ಹಾಕಿದಳು. ಈಚೆಗೆ ವಾರಕ್ಕೊಂದು ಸಲ, ಬೇರೆ ಏನೋ ಕೇಳುವವಳ ಹಾಗೆ, ನಿನ್ನ ಪತ್ರ ಬಂತಾ ಅಂತ ಕೇಳುತ್ತಾಳೆ.

ಪ್ರದರ್ಶನಕ್ಕೆ ಮೋಟನ್ನು ಒಯ್ದೆ. ಗಾಯ ಕಾಣುವ ಹಾಗೆಯೇ ಇಟ್ಟೆ, ತಿರುಗಿಸಲಿಲ್ಲ. ಕ್ಲಬ್ಬಿನವರು ಬಂದು ನಿಂತು, "ಅಯ್ಯೋ, ಇದನ್ನ ಯಾರು ತೆಗೆದ್ರು?" ಅಂದರು. "ನಾನೇ" ಅಂದೆ. "ಯಾಕೆ?" ಅಂದರು. "ಕಲೀತಿದ್ದೀನಿ" ಅಂದೆ. ಅವರ ಮುಖದಲ್ಲಿ ನನ್ನ ಬಗ್ಗೆ ಇದ್ದ ಗೌರವ ಇಳಿದುಹೋದದ್ದನ್ನು ಎದುರಿಗೇ ನೋಡಿದೆ. ಆ ಗಳಿಗೆಗಾಗಿ ನಿನ್ನನ್ನು ಕ್ಷಮಿಸಲು ನನ್ನಿಂದ ಇನ್ನೂ ಆಗಿಲ್ಲ. ಸುಳ್ಳು ಯಾಕೆ ಬರೆಯಲಿ.

ಆದರೆ ಹೊಟ್ಟೆಕಿಚ್ಚು ನಿನಗೊಬ್ಬಳಿಗೇ ಅಂದುಕೊಳ್ಳಬೇಡ. ಮರದ ಬಲಗಡೆ ಎರಡು ಕೊಂಬೆ ಸೊರಗಿದ್ದವು, ಅದಕ್ಕೇ ಅವು ಚೇತರಿಸಿಕೊಳ್ಳುವವರೆಗೂ ಫೋಟೋ ಎಡದಿಂದಲೇ ತೆಗೆದೆ. ಅಮ್ಮ ಟೀಚರಿಗೆ ಹೇಳಿದ ಮಾತನ್ನು ನಿನಗೆ ಅರ್ಧ ಮಾತ್ರ ಬರೆದೆ. ಅವಳು ಹೇಳಿದ್ದು, "ದೊಡ್ಡವಳು ಆರಿಸಿ ತಂದದ್ದು, ನಮ್ಮ ಚಿಕ್ಕವಳ ಕೈಯಲ್ಲಿ ಹೇಗೆ ಬೆಳೀತಿದೆ ನೋಡಿ" ಅಂತ. ದೊಡ್ಡವಳನ್ನು ಪತ್ರದಿಂದ ತೆಗೆದವಳು ನಾನು. ಚಿಕ್ಕಂದಿನಿಂದ ನೀನು ಮುಂದೆ, ನಾನು ಹಿಂದೆ. ಒಂದು ಸಲವಾದರೂ ನೀನು ನನ್ನ ಕಡೆ ಕತ್ತೆತ್ತಿ ನೋಡಲಿ ಅಂತ ಆಸೆಯಿತ್ತು. ಇಬ್ಬರದೂ ಒಂದೇ ತೂಕ ಅಂತ ಇದನ್ನು ಬರೆಯುತ್ತಿಲ್ಲ. ನೀನು ಮಾಡಿದ್ದು ಹೆಚ್ಚು.

ಗಾಯದ ಪಕ್ಕದಲ್ಲಿ, ತೊಗಟೆಯ ಅಂಚಿನಲ್ಲಿ ಒಂದು ಮೊಗ್ಗು ಊದಿದೆ. ಅದು ಕೊಂಬೆಯಾಗಲು ವರ್ಷಗಳು ಬೇಕು. ಆಗದೆಯೂ ಹೋಗಬಹುದು.

ಮಾರ್ಚ್ ಮೊದಲ ವಾರದಲ್ಲಿ ಪೆಟ್ಟಿಗೆಯಿಂದ ಎತ್ತಿ ಕುಂಡಕ್ಕೆ ಹಾಕಬೇಕು. ಬೇರು ಕತ್ತರಿಸುವಾಗ ಮರವನ್ನು ಅಲುಗದ ಹಾಗೆ ಒಬ್ಬರು ಹಿಡಿದಿರಬೇಕು, ಅಮ್ಮನ ಕೈ ಈಗ ನಡುಗುತ್ತದೆ. ಆ ವಾರದ ಶನಿವಾರ ಬೆಳಗಿನ ಬಸ್ಸಿಗೆ ಬಾ. ಮರ ನೀನು ಹಿಡಿದುಕೋ. ಕತ್ತರಿ ನನ್ನ ಕೈಯಲ್ಲೇ ಇರುತ್ತದೆ.

ಮೊಂಡಿ